ಬೀಜದಿಂದ ಹೂವಿನವರೆಗೆ: ನಕ್ಷತ್ರ ಕಳ್ಳಿಯ ಒಂದು ಪಾಠ



ನಮ್ಮ ಜೀವಶಾಸ್ತ್ರ ಪ್ರಯೋಗಾಲಯದ ಕಿಟಕಿಯ ಬಳಿ ಮುಚ್ಚಳವಿರುವ ಎರಡು ಪ್ಲಾಸ್ಟಿಕ್ ಡಬ್ಬಿಗಳಿವೆ. ಒಳಗೆ ಮರಳಿನ ಮೇಲೆ ಕಾಳಿನಷ್ಟು ದಪ್ಪದ ಹಸಿರು ಗುಂಡುಗಳು ಕೂತಿವೆ. "ಇದೇನು ಸರ್?" ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಅವು ಕಳ್ಳಿಯ ಸಸಿಗಳು. ಮೆಕ್ಸಿಕೊ ದೇಶದ ಒಣ ನೆಲದಲ್ಲಿ ಹುಟ್ಟುವ, ತನ್ನ ತವರಿನಲ್ಲೇ ಅಪರೂಪವಾಗಿರುವ ನಕ್ಷತ್ರ ಕಳ್ಳಿಯ ಮಕ್ಕಳು. ಇಂಥ ಗಿಡವನ್ನು ಬೀಜದಿಂದ ಬೆಳೆಸುವುದು ಹೇಗೆ, ಅದು ಯಾವ ಜಾತಿಯೆಂದು ಗುರುತಿಸುವುದು ಹೇಗೆ ಎಂಬುದನ್ನು ಈ ಪಾಠದಲ್ಲಿ ನೋಡೋಣ. ಎರಡನೆಯ ಕೆಲಸ ಮೊದಲನೆಯದಕ್ಕಿಂತ ಕಷ್ಟ. ಪಾಠದ ತಿರುಳು ಇರುವುದೂ ಅಲ್ಲೇ.

1. ಮುಳ್ಳಿದ್ದದ್ದೆಲ್ಲ ಕಳ್ಳಿಯಲ್ಲ

ಕನ್ನಡದಲ್ಲಿ ನಾವು "ಕಳ್ಳಿ" ಎಂಬ ಒಂದೇ ಹೆಸರಿನಿಂದ ಎರಡು ಬೇರೆ ಬೇರೆ ಸಸ್ಯ ಕುಟುಂಬಗಳನ್ನು ಕರೆಯುತ್ತೇವೆ. ಹೊಲದ ಬೇಲಿಯಲ್ಲಿ ಕಾಣುವ, ಮುರಿದರೆ ಹಾಲು ಸುರಿಸುವ ಕಳ್ಳಿಗಳಲ್ಲಿ ಹೆಚ್ಚಿನವು ಯುಫೋರ್ಬಿಯೇಸಿ ಕುಟುಂಬದವು. ಪಾಪಾಸುಕಳ್ಳಿ ಕ್ಯಾಕ್ಟೇಸಿ ಕುಟುಂಬದ್ದು. ಇವೆರಡೂ ಹತ್ತಿರದ ಬಂಧುಗಳಲ್ಲ. ನೀರಿಲ್ಲದ ಕಡೆ ಬದುಕಬೇಕಾದ ಒತ್ತಡದಿಂದ ಎರಡೂ ಒಂದೇ ಬಗೆಯ ದಪ್ಪ ಕಾಂಡ, ಮುಳ್ಳು ಪಡೆದವು. ಇದು ನೀವು ಓದುವ ಅಭಿಸರಣ ವಿಕಾಸಕ್ಕೆ, ಅಂದರೆ ಕನ್ವರ್ಜೆಂಟ್ ಎವಲ್ಯೂಷನ್‌ಗೆ ಒಳ್ಳೆಯ ಉದಾಹರಣೆ.

ಹಾಗಾದರೆ ಕ್ಯಾಕ್ಟಸ್ ಕುಟುಂಬದ ನಿಜವಾದ ಗುರುತು ಯಾವುದು? ಮುಳ್ಳಲ್ಲ. ಹಾಲು ಇಲ್ಲದಿರುವುದೂ ಅಲ್ಲ, ಏಕೆಂದರೆ ಮ್ಯಾಮಿಲೇರಿಯಾ ಎಂಬ ಕ್ಯಾಕ್ಟಸ್ ಜಾತಿಯ ಕೆಲವು ಗಿಡಗಳಲ್ಲೂ ಹಾಲು ಬರುತ್ತದೆ. ನಿಜವಾದ ಗುರುತು ಏರಿಯೋಲ್. ಕಾಂಡದ ಮೇಲೆ ಕಾಣುವ ಸಣ್ಣ ಮೆತ್ತೆಯಂಥ ಜಾಗ ಇದು. ವಾಸ್ತವವಾಗಿ ರೂಪಾಂತರಗೊಂಡ ಒಂದು ಮೊಗ್ಗು. ಮುಳ್ಳು, ಉಣ್ಣೆಯಂಥ ಕೂದಲು, ಹೊಸ ಕವಲು, ಹೂವು ಇವೆಲ್ಲ ಹೊರಡುವುದು ಇದರಿಂದ ಅಥವಾ ಇದಕ್ಕೆ ತೀರ ಹತ್ತಿರದಿಂದ. ಮುಳ್ಳೇ ಇಲ್ಲದ ಕ್ಯಾಕ್ಟಸ್ ಇರಬಹುದು, ಏರಿಯೋಲ್ ಇಲ್ಲದ ಕ್ಯಾಕ್ಟಸ್ ಇಲ್ಲ.

ನಿಮ್ಮ ಮನೆಯಲ್ಲೇ ಪರೀಕ್ಷಿಸಬಹುದು. ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಬಾಡುವ, ನಾವೆಲ್ಲ ಬ್ರಹ್ಮಕಮಲ ಎನ್ನುವ ಗಿಡ ಎಪಿಫಿಲಮ್ ಆಕ್ಸಿಪೆಟಾಲಮ್ ಎಂಬ ಕ್ಯಾಕ್ಟಸ್. ಅದರ "ಎಲೆ" ಎಲೆಯಲ್ಲ, ಚಪ್ಪಟೆಯಾದ ಕಾಂಡ. ಅಂಚಿನ ಕಚ್ಚುಗಳಲ್ಲಿ ಏರಿಯೋಲ್ ಇದೆ. ಹೂವು ಬರುವುದು ಅಲ್ಲಿಂದಲೇ. ಹಿಮಾಲಯದ ನಿಜವಾದ ಬ್ರಹ್ಮಕಮಲ ಸೂರ್ಯಕಾಂತಿ ಕುಟುಂಬದ ಸಾಸೂರಿಯಾ ಎಂಬ ಬೇರೆಯೇ ಗಿಡ. ಅಂಗಡಿಯಲ್ಲಿ ಸಿಗುವ ಡ್ರ್ಯಾಗನ್ ಫ್ರೂಟ್ ಕೂಡ ಕ್ಯಾಕ್ಟಸ್ ಹಣ್ಣೇ. ಹೆಸರು ಒಂದು, ಗಿಡ ಇನ್ನೊಂದು ಎಂಬ ಗೊಂದಲ ನಮ್ಮ ಅಂಗಳದಿಂದಲೇ ಶುರುವಾಗುತ್ತದೆ ಎಂಬುದನ್ನು ನೆನಪಿಡಿ.

2. ನಕ್ಷತ್ರ ಕಳ್ಳಿಯ ಪರಿಚಯ

ಆಸ್ಟ್ರೋಫೈಟಮ್ ಎಂದರೆ ಗ್ರೀಕ್ ಮೂಲದಲ್ಲಿ ನಕ್ಷತ್ರ ಸಸ್ಯ. ಫ್ರಾನ್ಸಿನ ಸಸ್ಯವಿಜ್ಞಾನಿ ಶಾರ್ಲ್ ಲೆಮೇರ್ 1839ರಲ್ಲಿ ಈ ಕುಲವನ್ನು ಸ್ಥಾಪಿಸಿದರು. ಇದರ ಹೆಚ್ಚಿನ ಗಿಡಗಳ ಮೈಮೇಲೆ ಸುಣ್ಣದ ಚುಕ್ಕೆ ಇಟ್ಟಂತೆ ಬಿಳಿ ಚುಕ್ಕೆಗಳಿರುತ್ತವೆ. ಭೂತಕನ್ನಡಿಯಲ್ಲಿ ನೋಡಿದರೆ ಪ್ರತಿ ಚುಕ್ಕೆಯೂ ಸಣ್ಣ ರೋಮಗಳ ಗುಚ್ಛ ಎಂದು ಗೊತ್ತಾಗುತ್ತದೆ.

ನಮ್ಮ ಡಬ್ಬಿಯಲ್ಲಿರುವುದು ಆಸ್ಟ್ರೋಫೈಟಮ್ ಆಸ್ಟೀರಿಯಾಸ್. ಮುಳ್ಳಿಲ್ಲದ, ಚಪ್ಪಟೆಯಾದ, ಸಾಮಾನ್ಯವಾಗಿ ಎಂಟು ಏಣುಗಳಾಗಿ ಭಾಗವಾದ ಗಿಡ. ಮೇಲಿನಿಂದ ನೋಡಿದರೆ ಎಂಟು ಹೋಳು ಮಾಡಿಟ್ಟ ಹಸಿರು ಬಿಲ್ಲೆಯಂತೆ ಕಾಣುತ್ತದೆ. ಪ್ರತಿ ಏಣಿನ ನಡುಗೆರೆಯಲ್ಲಿ ಉಣ್ಣೆಯ ಉಂಡೆಗಳಂಥ ಏರಿಯೋಲ್‌ಗಳ ಸಾಲು. ಹೂವು ಹಳದಿ, ಒಳಗೆ ಕೆಂಪು ಅಥವಾ ಕಿತ್ತಳೆ. ಬರಗಾಲದಲ್ಲಿ ಗಿಡ ಕುಗ್ಗಿ ನೆಲಮಟ್ಟಕ್ಕೆ ಇಳಿಯುತ್ತದೆ. ಪಕ್ಕದಲ್ಲೇ ನಡೆದು ಹೋದರೂ ಕಾಣುವುದಿಲ್ಲ.

ಹೀಗೆ ಅಡಗುವ ಗಿಡದ ಚರಿತ್ರೆಯೂ ಹಾಗೆಯೇ ಇದೆ. ಯುರೋಪಿನ ಸಂಗ್ರಾಹಕ ಕಾರ್ವಿನ್ಸ್ಕಿ 1843ರಲ್ಲಿ ಇದನ್ನು ಮೆಕ್ಸಿಕೊದಲ್ಲಿ ಕಂಡರು. 1845ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಜುಕಾರಿನಿ ಇದನ್ನು ವಿವರಿಸಿದರು. ಆಮೇಲೆ ಬಹುಕಾಲ ಗಿಡದ ಸುಳಿವೇ ಇರಲಿಲ್ಲ. 1923ರಲ್ಲಿ ಚೆಕ್ ದೇಶದ ಅನ್ವೇಷಕ ಫ್ರಿಚ್ ಅದನ್ನು ಮತ್ತೆ ಹುಡುಕಿದರು. ಈಗ ಗೊತ್ತಿರುವಂತೆ ಇದು ಈಶಾನ್ಯ ಮೆಕ್ಸಿಕೊದಲ್ಲೂ ಅಮೆರಿಕದ ಟೆಕ್ಸಾಸ್ ರಾಜ್ಯದ ದಕ್ಷಿಣದ ಸ್ಟಾರ್ ಕೌಂಟಿಯಲ್ಲೂ ಇದೆ. 1993ರಲ್ಲಿ ಅಮೆರಿಕ ಸರ್ಕಾರ ಇದನ್ನು ಅಳಿವಿನ ಅಂಚಿನ ಸಸ್ಯಗಳ ಪಟ್ಟಿಗೆ ಸೇರಿಸಿತು.

3. ಬೀಜದಿಂದಲೇ ಏಕೆ?

2015ರಲ್ಲಿ ಪ್ರಕಟವಾದ ಒಂದು ಜಾಗತಿಕ ಸಮೀಕ್ಷೆ 1,478 ಕ್ಯಾಕ್ಟಸ್ ಪ್ರಭೇದಗಳನ್ನು ಪರಿಶೀಲಿಸಿ, ಅವುಗಳಲ್ಲಿ ಶೇ. 31ರಷ್ಟು ಅಪಾಯದಲ್ಲಿವೆ ಎಂದು ಕಂಡುಕೊಂಡಿತು. ಕೃಷಿಗೆ, ಮನೆಗಳಿಗೆ ನೆಲ ಹೋಗುವುದು ಒಂದು ಕಾರಣ. ಆದರೆ ಕ್ಯಾಕ್ಟಸ್ ವಿಷಯದಲ್ಲಿ ಇನ್ನೊಂದು ದೊಡ್ಡ ಕಾರಣವಿದೆ. ಅದು ಪ್ರೀತಿ! ಅಪರೂಪದ ಗಿಡ ತನ್ನ ಬಳಿಯೇ ಇರಬೇಕು ಎಂಬ ಸಂಗ್ರಾಹಕರ ಆಸೆ. ಬೀಜದಿಂದ ಬೆಳೆಸಲು ಹತ್ತಾರು ವರ್ಷ ಹಿಡಿಯುವ ಗಿಡವನ್ನು ಬೆಟ್ಟದಿಂದ ಅಗೆದು ತರಲು ಹತ್ತು ನಿಮಿಷ ಸಾಕು. 2020ರ ಫೆಬ್ರವರಿಯಲ್ಲಿ ಇಟಲಿಯ ಪೊಲೀಸರು ಒಬ್ಬ ಸಂಗ್ರಾಹಕನ ಬಳಿ ಸಾವಿರಕ್ಕೂ ಹೆಚ್ಚು ಕಳ್ಳಿ ಗಿಡಗಳನ್ನು ವಶಪಡಿಸಿಕೊಂಡರು. ಹೆಚ್ಚಿನವು ಚಿಲಿ ದೇಶದ ಅಟಕಾಮ ಮರುಭೂಮಿಯಿಂದ ಕದ್ದು ತಂದವು. 2021ರಲ್ಲಿ ಅವುಗಳಲ್ಲಿ 844 ಗಿಡಗಳನ್ನು ಚಿಲಿಗೆ ವಾಪಸು ಕಳುಹಿಸಲಾಯಿತು.

ಈ ಕಳ್ಳಸಾಗಣೆ ತಡೆಯಲು ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದವಿದೆ. ಭಾರತ 1976ರಿಂದ ಅದರ ಸದಸ್ಯ. ಕೆಲವೇ ವಿನಾಯಿತಿ ಬಿಟ್ಟರೆ ಇಡೀ ಕ್ಯಾಕ್ಟಸ್ ಕುಟುಂಬ ಅದರ ಎರಡನೆಯ ಪಟ್ಟಿಯಲ್ಲಿದೆ. ನಮ್ಮ ನಕ್ಷತ್ರ ಕಳ್ಳಿ ಅತಿ ಕಟ್ಟುನಿಟ್ಟಿನ ಮೊದಲನೆಯ ಪಟ್ಟಿಯಲ್ಲಿದೆ. ಹೊರದೇಶದಿಂದ ಸಸ್ಯವನ್ನಾಗಲಿ ಬಿತ್ತನೆ ಬೀಜವನ್ನಾಗಲಿ ತರಿಸಲು ನಮ್ಮ ಸಸ್ಯ ಕ್ವಾರಂಟೈನ್ ನಿಯಮಗಳೂ ಅನ್ವಯಿಸುತ್ತವೆ. ಆದ್ದರಿಂದ ಮೊಬೈಲಿನಲ್ಲಿ ನೋಡಿ, ಕಾಗದಪತ್ರವಿಲ್ಲದೆ ವಿದೇಶದಿಂದ ಅಂಚೆಯಲ್ಲಿ ಬೀಜ ತರಿಸಬೇಡಿ. ದೇಶದೊಳಗೇ ಬೆಳೆಸಿ, ಪರಾಗಸ್ಪರ್ಶ ಮಾಡಿಸಿ ಬೀಜ ತೆಗೆಯುವ ಬೆಳೆಗಾರರಿದ್ದಾರೆ.

ಬೀಜದಿಂದ ಬೆಳೆದ ಪ್ರತಿ ಗಿಡ, ಬೆಟ್ಟದಿಂದ ಅಗೆದ ಗಿಡಕ್ಕೆ ಇರುವ ಬೇಡಿಕೆಯನ್ನು ಅಷ್ಟರ ಮಟ್ಟಿಗೆ ಕಡಿಮೆ ಮಾಡುತ್ತದೆ. ಅಪರೂಪದ ಗಿಡವನ್ನು ಯಾರಿಗೂ ನಷ್ಟ ಮಾಡದೆ ಇಟ್ಟುಕೊಳ್ಳಲು ಸಾಮಾನ್ಯರಿಗಿರುವ ದಾರಿ ಇದೇ.

ಒಂದು ಎಚ್ಚರಿಕೆಯ ಮಾತು. "ನೀಲಿ ಕಳ್ಳಿ ಬೀಜ, ಕಾಮನಬಿಲ್ಲಿನ ಬಣ್ಣದ ಕಳ್ಳಿ ಬೀಜ" ಎಂಬ ಜಾಹೀರಾತುಗಳಿಗೆ ಮರುಳಾಗಬೇಡಿ. ನರ್ಸರಿಗಳಲ್ಲಿ ಕೆಂಪು ಅಥವಾ ಹಳದಿ ತಲೆಯ ಪುಟ್ಟ ಕಳ್ಳಿ ಸಿಗುತ್ತದಲ್ಲ, ಅದು ಎರಡು ಗಿಡಗಳ ಕಸಿ. ಮೇಲಿನದು ಜಿಮ್ನೋಕ್ಯಾಲಿಸಿಯಮ್ ಕುಲದ, ಕ್ಲೋರೋಫಿಲ್ ಇಲ್ಲದ ವಿಕೃತಿ. ಕೆಳಗಿನ ಹಸಿರು ಕಾಂಡ ಸಾಮಾನ್ಯವಾಗಿ ಡ್ರ್ಯಾಗನ್ ಫ್ರೂಟಿನ ಬಳಗದ್ದು. ಕ್ಲೋರೋಫಿಲ್ ಇಲ್ಲದ ಸಸಿ ತನ್ನ ಕಾಲ ಮೇಲೆ ನಿಂತು ಆಹಾರ ತಯಾರಿಸಲಾರದು. ಬೀಜದೊಳಗಿನ ಸಂಗ್ರಹ ಮುಗಿದ ಕೂಡಲೇ ಸಾಯುತ್ತದೆ. ದ್ಯುತಿಸಂಶ್ಲೇಷಣೆಯ ಪಾಠ ಗೊತ್ತಿರುವವರಿಗೆ ಈ ಮೋಸ ಒಂದು ನಿಮಿಷದಲ್ಲಿ ತಿಳಿಯಬೇಕು.

4. ಬಿತ್ತುವ ಕ್ರಮ

ಕೆಳಗಿನ ಕ್ರಮ ನಮ್ಮ ಕರಾವಳಿಯ ತೇವದ ಗಾಳಿಗೆ ಹೊಂದುವಂಥದ್ದು.

ಕಾಲ: ಮಳೆ ಮುಗಿದ ಮೇಲೆ, ಅಕ್ಟೋಬರಿನಿಂದ ಫೆಬ್ರವರಿಯೊಳಗೆ. 25ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮೊಳಕೆಗೆ ಹಿತ. ಅದು ನಮ್ಮಲ್ಲಿ ಹೀಟರ್ ಇಲ್ಲದೆಯೇ ಸಿಗುತ್ತದೆ.

ಮಣ್ಣು: ತೊಳೆದು ಜರಡಿ ಹಿಡಿದ ಹೊಳೆಯ ದಪ್ಪ ಮರಳು ಮತ್ತು ಸಣ್ಣ ಇಟ್ಟಿಗೆ ಚೂರು ಸೇರಿ ಮೂರು ಪಾಲು, ಜರಡಿ ಹಿಡಿದ ತೆಂಗಿನ ನಾರಿನ ಪುಡಿ ಒಂದು ಪಾಲು. ಕಡಲ ಮರಳು ಬೇಡವೇ ಬೇಡ, ಅದರಲ್ಲಿ ಉಪ್ಪಿದೆ. ಮಿಶ್ರಣವನ್ನು ತೇವ ಮಾಡಿ, ಹಳೆಯ ಪಾತ್ರೆಯಲ್ಲಿ ಅರ್ಧ ಗಂಟೆ ಹಬೆಯಲ್ಲಿ ಬೇಯಿಸಿ, ಮುಚ್ಚಿಟ್ಟು ಆರಿಸಿ. ಇದರಿಂದ ಶಿಲೀಂಧ್ರ, ಹುಳದ ಮೊಟ್ಟೆ ಸಾಯುತ್ತವೆ. ಕಳ್ಳಿ ಸಸಿಗಳನ್ನು ಮೊದಲ ತಿಂಗಳಲ್ಲಿ ಕೊಲ್ಲುವುದು ಹೆಚ್ಚಾಗಿ ಶಿಲೀಂಧ್ರವೇ.

ಬೀಜ: ಆಸ್ಟ್ರೋಫೈಟಮ್ ಬೀಜ ಕಳ್ಳಿಗಳ ಪೈಕಿ ದೊಡ್ಡದು, ಎರಡು ಮೂರು ಮಿಲಿಮೀಟರ್. ಕಂದು ಬಣ್ಣ, ಹೊಳಪು, ಒಂದು ಕಡೆ ಟೊಳ್ಳಾಗಿ ಟೋಪಿಯಂತೆ ಅಥವಾ ದೋಣಿಯಂತೆ ಕಾಣುತ್ತದೆ. ಈ ಆಕಾರವನ್ನು ಚೆನ್ನಾಗಿ ನೋಡಿಕೊಳ್ಳಿ, ಮುಂದೆ ಇದೇ ನಮಗೆ ಸಾಕ್ಷಿ ಹೇಳಲಿದೆ. ಹಣ್ಣಿನ ತಿರುಳು ಅಂಟಿದ್ದರೆ ತೊಳೆದು ಒಣಗಿಸಿ, ಇಲ್ಲವಾದರೆ ಅದೇ ಬೂಷ್ಟಿಗೆ ಆಹಾರ. ಹಳೆಯ ಬೀಜಕ್ಕಿಂತ ಹೊಸ ಬೀಜ ಚೆನ್ನಾಗಿ ಮೊಳೆಯುತ್ತದೆ.

ಬಿತ್ತನೆ: ಬುಡದಲ್ಲಿ ತೂತಿರುವ ಚಹಾ ಲೋಟದಷ್ಟು ಕುಂಡಗಳಿಗೆ ಮಣ್ಣು ತುಂಬಿ. ಬೀಜಗಳನ್ನು ಒಂದೊಂದು ಸೆಂಟಿಮೀಟರ್ ಅಂತರದಲ್ಲಿ ಮೇಲೆಯೇ ಇಡಿ, ಹೂಳಬೇಡಿ, ಬೆಳಕು ತಾಗಬೇಕು. ಕುದಿಸಿ ಆರಿಸಿದ ನೀರಿನ ತಟ್ಟೆಯಲ್ಲಿ ಕುಂಡ ಇಟ್ಟರೆ ನೀರು ಕೆಳಗಿನಿಂದ ಏರುತ್ತದೆ. ಮೇಲ್ಮೈ ತೇವವಾದ ಮೇಲೆ ತೆಗೆದು ಪಾರದರ್ಶಕ ಡಬ್ಬಿಯೊಳಗಿಟ್ಟು ಮುಚ್ಚಿ.

ಬೆಳಕು: ಚೆನ್ನಾಗಿ ಬೆಳಕು ಬೇಕು, ನೇರ ಬಿಸಿಲು ಬೇಡ. ಮುಚ್ಚಿದ ಡಬ್ಬಿ ಬಿಸಿಲಿನಲ್ಲಿ ಒಲೆಯಾಗುತ್ತದೆ. ಕಿಟಕಿಗೆ ತೆಳು ಬಟ್ಟೆ ಕಟ್ಟಿದರೆ ಸಾಕು.

ಮೊಳಕೆ: ಹೊಸ ಬೀಜವಾದರೆ ಕೆಲವೇ ದಿನಗಳಲ್ಲಿ ಮೊಳೆಯುತ್ತದೆ, ಎರಡು ವಾರದವರೆಗೂ ಕಾಯಬಹುದು. ಮೊಳೆತ ದಿನ, ಸಂಖ್ಯೆ ಬರೆದಿಡಿ. ನಲವತ್ತು ಬಿತ್ತಿ ಮೂವತ್ತು ಮೊಳೆತರೆ ಮೊಳಕೆ ಪ್ರಮಾಣ ಶೇ. 75. ಕಳ್ಳಿ ದ್ವಿದಳ ಸಸ್ಯ ಎಂಬುದನ್ನು ಈ ಹಂತದಲ್ಲಿ ಕಣ್ಣಾರೆ ಕಾಣಬಹುದು: ಗುಂಡಗಿನ ಸಸಿಯ ನೆತ್ತಿಯಲ್ಲಿ ಎರಡು ಚಿಕ್ಕ ಬೀಜದಳಗಳು ಇರುತ್ತವೆ, ಅವುಗಳ ನಡುವೆ ಮೊದಲ ಏರಿಯೋಲ್ ಹುಟ್ಟುತ್ತದೆ.

5. ಮೊದಲ ವರ್ಷದ ಆರೈಕೆ

ಒಂದೆರಡು ತಿಂಗಳು ಕಳೆದ ಮೇಲೆ ಮುಚ್ಚಳವನ್ನು ಸ್ವಲ್ಪ ಸ್ವಲ್ಪವಾಗಿ ತೆರೆಯಿರಿ. ಒಮ್ಮೆಗೇ ತೆರೆದರೆ ಸಸಿ ಒಣಗುತ್ತದೆ. ಹತ್ತಿಯ ಎಳೆಯಂಥ ಬೂಷ್ಟು ಕಂಡರೆ ಆ ಸಸಿಯನ್ನು ಸುತ್ತಲ ಮಣ್ಣಿನೊಂದಿಗೆ ತೆಗೆದುಹಾಕಿ ಗಾಳಿಯಾಡಲು ಬಿಡಿ.

ಸಸಿಯ ಬಣ್ಣವೇ ಮಾತಾಡುತ್ತದೆ. ಕೆಂಪು ಕಂದಾದರೆ ಬೆಳಕು ಹೆಚ್ಚಾಗಿದೆ. ಗುಂಡಗಿರಬೇಕಾದದ್ದು ಉದ್ದವಾಗಿ ಕತ್ತು ಚಾಚಿದರೆ ಬೆಳಕು ಕಡಿಮೆಯಾಗಿದೆ. ಮೇಲ್ಮಣ್ಣು ಒಣಗಿದ ಮೇಲೆಯೇ ನೀರು ಕೊಡಿ. ಜೂನ್ ಬಂದರೆ ಕುಂಡಗಳು ಸೂರಿನಡಿ ಇರಬೇಕು, ನೀರು ಅಪರೂಪವಾಗಬೇಕು, ಗಾಳಿ ಮಾತ್ರ ಧಾರಾಳ ಇರಬೇಕು. ಮಳೆಗಾಲದಲ್ಲಿ ಕಳ್ಳಿ ಸಾಯುವುದು ಬಾಯಾರಿಕೆಯಿಂದಲ್ಲ, ಬೇರು ಕೊಳೆತು.

ಇದೆಲ್ಲ ನಿಧಾನದ ಕೆಲಸ. ಆಸ್ಟೀರಿಯಾಸ್ ಬೀಜದಿಂದ ಹೂವಿಗೆ ಬರಲು ಸಾಮಾನ್ಯವಾಗಿ ನಾಲ್ಕೈದು ವರ್ಷವಾದರೂ ಬೇಕು. ಈಗ ಪ್ರಥಮ ಪಿಯುಸಿಯಲ್ಲಿರುವವರು ಇಂದು ಬಿತ್ತಿದರೆ, ಪದವಿ ಮುಗಿಸುವ ಹೊತ್ತಿಗೆ ಹೂ ನೋಡಬಹುದು.

6. ಗುರುತಿಸುವ ಕೀ

ವರ್ಗೀಕರಣದಲ್ಲಿ ಬಳಸುವ "ಕೀ" ನಿಮಗೆ ಗೊತ್ತು: ಎರಡು ವಿರುದ್ಧ ಹೇಳಿಕೆಗಳಲ್ಲಿ ಒಂದನ್ನು ಆರಿಸಿ ಮುಂದೆ ಹೋಗುವುದು. ಬೆಳೆದ, ಹೂ ಬಿಡುವ ಆಸ್ಟ್ರೋಫೈಟಮ್ ಗಿಡಗಳಿಗೆ ನಾನು ತಯಾರಿಸಿದ ಸರಳ ಕೀ ಇಲ್ಲಿದೆ.

1ಅ. ಏಣುಗಳಿಲ್ಲ, ಬೆರಳಿನಂಥ ಉದ್ದನೆಯ ಗುಬುಟುಗಳಿವೆ: ಕ್ಯಾಪುಟ್ ಮೆಡುಸೆ.
1ಆ. ಗುಂಡಗೆ, ಚಪ್ಪಟೆ ಅಥವಾ ಕಂಬದಂಥ ದೇಹ, ಏಣುಗಳಿವೆ: 2ಕ್ಕೆ ಹೋಗಿ.

2ಅ. ಮುಳ್ಳುಗಳಿವೆ: 3ಕ್ಕೆ ಹೋಗಿ.
2ಆ. ಮುಳ್ಳುಗಳಿಲ್ಲ: 4ಕ್ಕೆ ಹೋಗಿ.

3ಅ. ಮುಳ್ಳು ನೇರ, ಗಡುಸು. ಹೂವು ಪೂರ್ತಿ ಹಳದಿ: ಆರ್ನೇಟಮ್.
3ಆ. ಮುಳ್ಳು ಉದ್ದ, ಆಡಿನ ಕೊಂಬಿನಂತೆ ಬಾಗಿದ್ದು. ಹೂವಿನ ಒಳಗೆ ಕೆಂಪು: ಕ್ಯಾಪ್ರಿಕಾರ್ನೆ.

4ಅ. ದೇಹ ಚಪ್ಪಟೆ, ಏಣು ಸಾಮಾನ್ಯವಾಗಿ ಎಂಟು, ಬೆನ್ನು ದುಂಡಗೆ. ಹೂವಿನ ಒಳಗೆ ಕೆಂಪು: ಆಸ್ಟೀರಿಯಾಸ್.
4ಆ. ದೇಹ ಎತ್ತರ, ಏಣು ಸಾಮಾನ್ಯವಾಗಿ ಐದು, ಅಂಚು ಚೂಪು: 5ಕ್ಕೆ ಹೋಗಿ.

5ಅ. ಹೂವು ಹಳದಿ, ಹಣ್ಣು ತುದಿಯಲ್ಲಿ ನಕ್ಷತ್ರದಂತೆ ಬಿರಿಯುತ್ತದೆ: ಮಿರಿಯೋಸ್ಟಿಗ್ಮಾ.
5ಆ. ಹೂವಿನ ಒಳಗೆ ಕೆಂಪು. ಹಣ್ಣು ಬುಡದಲ್ಲಿ ಬಿರಿಯುತ್ತದೆ: ಕೊವಾಹುಯಿಲೆನ್ಸೆ.

ಇಲ್ಲೊಂದು ಸೇರಿಸಬೇಕು. ಮುಳ್ಳಿಲ್ಲದ, ಚಪ್ಪಟೆಯಾದ ಇನ್ನೊಂದು ಕಳ್ಳಿ ಲೋಫೋಫೊರಾ ವಿಲಿಯಮ್ಸಿಐ, ಅಂದರೆ ಪೆಯೋಟಿ. ಅದರಲ್ಲಿ ಮಾದಕ ರಾಸಾಯನಿಕ ಇದೆ, ಹಲವು ದೇಶಗಳ ಕಾನೂನು ಅದನ್ನು ನಿರ್ಬಂಧಿಸಿದೆ. ಅದರ ಮೈ ಬೂದು ನೀಲಿ ಹಸಿರು, ಬಿಳಿ ಚುಕ್ಕೆಗಳಿಲ್ಲ, ಹೂವು ಹೆಚ್ಚಾಗಿ ತಿಳಿ ಗುಲಾಬಿ. ಟೆಕ್ಸಾಸ್‌ನಲ್ಲಿ ಪೆಯೋಟಿ ಕೀಳುವವರು ನಕ್ಷತ್ರ ಕಳ್ಳಿಯನ್ನೂ ಅದೆಂದೇ ತಿಳಿದು ಕಿತ್ತದ್ದುಂಟು. ಗುರುತು ತಪ್ಪಿದ್ದರಿಂದಲೇ ಒಂದು ಅಪರೂಪದ ಗಿಡ ಇನ್ನಷ್ಟು ಅಪರೂಪವಾಯಿತು.

7. ರೂಪ ಮೋಸ ಮಾಡುತ್ತದೆ, ಹೂವು ಬೀಜ ಸಾಕ್ಷಿ ಹೇಳುತ್ತವೆ

ಕೀಯ ಐದನೆಯ ಜೋಡಿಯನ್ನು ಮತ್ತೊಮ್ಮೆ ನೋಡಿ. ಮಿರಿಯೋಸ್ಟಿಗ್ಮಾ ಮತ್ತು ಕೊವಾಹುಯಿಲೆನ್ಸೆ ಎರಡೂ ಐದು ಏಣಿನ, ಮುಳ್ಳಿಲ್ಲದ, ಬಿಳಿಚಿದ ಗಿಡಗಳು. ಹೂವಿಲ್ಲದಾಗ ಪಕ್ಕಪಕ್ಕ ಇಟ್ಟರೆ ಅನುಭವಿಗಳೂ ತಡವರಿಸುತ್ತಾರೆ. ಎರಡನೆಯದನ್ನು ಬಹುಕಾಲ ಮೊದಲನೆಯದರ ಒಂದು ಬಗೆ ಎಂದೇ ಎಣಿಸಲಾಗಿತ್ತು. ಹೂವಿನ ಕೆಂಪು ಗಂಟಲು, ಹಣ್ಣು ಬಿರಿಯುವ ರೀತಿ ಇವೇ ಅವನ್ನು ಬೇರ್ಪಡಿಸುವ ಆಧಾರ.

ಇದಕ್ಕೆ ಪೂರ್ತಿ ವಿರುದ್ಧವಾದ ಕಥೆಯೂ ಇದೆ. 2001ರಲ್ಲಿ ಮೆಕ್ಸಿಕೊದ ನ್ಯೂವೊ ಲಿಯೋನ್ ರಾಜ್ಯದಲ್ಲಿ ವಿಚಿತ್ರ ಕಳ್ಳಿಯೊಂದು ಸಿಕ್ಕಿತು. ಏಣಿಲ್ಲ, ಗುಂಡು ದೇಹವಿಲ್ಲ. ನೆಲದಿಂದ ಹಾವಿನಂತೆ ಎದ್ದ ಬೆರಳುಗಳು ಮಾತ್ರ. ಇಂಥದ್ದು ಹಿಂದೆ ಕಂಡಿರಲಿಲ್ಲವಾದ್ದರಿಂದ 2002ರಲ್ಲಿ ಅದಕ್ಕೆ ಡಿಜಿಟೋಸ್ಟಿಗ್ಮಾ ಎಂಬ ಹೊಸ ಕುಲವನ್ನೇ ಕೊಟ್ಟರು. ಆದರೆ ಬೆರಳುಗಳ ಮೇಲೆ ಅದೇ ಬಿಳಿ ಚುಕ್ಕೆ. ಹೂವು ನೋಡಿದರೆ ಹಳದಿ, ಒಳಗೆ ಕೆಂಪು. ಬೀಜ ನೋಡಿದರೆ ಅದೇ ಟೋಪಿಯಾಕಾರ. 2003ರಲ್ಲಿ ಬ್ರಿಟನ್ನಿನ ಕಳ್ಳಿ ತಜ್ಞ ಡೇವಿಡ್ ಹಂಟ್ ಅದನ್ನು ಆಸ್ಟ್ರೋಫೈಟಮ್ ಕುಲಕ್ಕೆ ಸೇರಿಸಿದರು. ನಮ್ಮ ಕೀಯ ಮೊದಲ ಸಾಲಿನಲ್ಲಿರುವ ಕ್ಯಾಪುಟ್ ಮೆಡುಸೆ ಅದೇ.

ಅಂದರೆ ಒಂದೇ ಥರ ಕಾಣುವ ಎರಡು ಗಿಡ ಬೇರೆ ಬೇರೆಯಾದವು. ಸ್ವಲ್ಪವೂ ಹೋಲದ ಗಿಡ ಬಂಧುವಾಯಿತು. ಕಾಂಡ ಮತ್ತು ಮುಳ್ಳು ಬಿಸಿಲು, ನೀರು, ವಯಸ್ಸಿಗೆ ತಕ್ಕಂತೆ ಬದಲಾಗುತ್ತವೆ. ಹಲವು ಕಳ್ಳಿಗಳಲ್ಲಿ ವಯಸ್ಸಾದಂತೆ ಏಣುಗಳ ಸಂಖ್ಯೆಯೇ ಹೆಚ್ಚುತ್ತದೆ. ಬಿಳಿ ಚುಕ್ಕೆಯನ್ನೂ ನಂಬುವಂತಿಲ್ಲ: ಮಿರಿಯೋಸ್ಟಿಗ್ಮಾದಲ್ಲಿ ಚುಕ್ಕೆಯೇ ಇಲ್ಲದ "ನ್ಯೂಡಮ್" ಎಂಬ ಬಗೆ ಇದೆ, ಜಪಾನಿನ ಬೆಳೆಗಾರರು ಆರಿಸಿ ಬೆಳೆಸಿದ "ಸೂಪರ್ ಕಬುಟೊ" ಎಂಬ ಆಸ್ಟೀರಿಯಾಸ್‌ನಲ್ಲಿ ಮೈತುಂಬ ದೊಡ್ಡ ಚುಕ್ಕೆಗಳು. ಹೂವು, ಹಣ್ಣು, ಬೀಜ ಇಷ್ಟು ಸುಲಭವಾಗಿ ಬದಲಾಗುವುದಿಲ್ಲ. ಸಸ್ಯ ವರ್ಗೀಕರಣ ಹೂವಿಗೆ ಇಷ್ಟು ಬೆಲೆ ಕೊಡುವುದು ಇದಕ್ಕಾಗಿ.

ಗುರುತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. ಪಾಪಾಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಹುಳದಿಂದ ಬೆಲೆಬಾಳುವ ಕೆಂಪು ಬಣ್ಣ ತೆಗೆಯುತ್ತಿದ್ದ ಕಾಲವದು. 1795ರಲ್ಲಿ ಬ್ರೆಜಿಲ್‌ನಿಂದ ಭಾರತಕ್ಕೆ ಒಂದು ಹುಳವನ್ನು ತಂದರು. ಅದು ಉತ್ತಮ ಬಣ್ಣ ಕೊಡುವ ಡ್ಯಾಕ್ಟೈಲೋಪಿಯಸ್ ಕಾಕಸ್ ಎಂದು ತಿಳಿದಿದ್ದರು. ಬಂದದ್ದು ಅದರ ಬಂಧು, ಡ್ಯಾಕ್ಟೈಲೋಪಿಯಸ್ ಸಿಲೋನಿಕಸ್. ಬಣ್ಣ ಕಳಪೆ, ಆದರೆ ಒಂದು ಜಾತಿಯ ಪಾಪಾಸುಕಳ್ಳಿಯನ್ನು ಅದು ತಿಂದು ಮುಗಿಸತೊಡಗಿತು. ಅಲ್ಲಿ ಕಳ್ಳಿ ಕಳೆಯಾಗಿದ್ದರಿಂದ ತಪ್ಪು ಲಾಭಕ್ಕೆ ತಿರುಗಿತು. ಕೀಟದಿಂದ ಕಳೆ ನಿಯಂತ್ರಿಸಿದ ಮೊದಲ ನಿದರ್ಶನಗಳಲ್ಲಿ ಒಂದೆಂದು ಅದನ್ನು ಇಂದು ಹೇಳುತ್ತಾರೆ. ಅದೇ ಹುಳ ಬೆಳೆಗೆ ಬಿದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು.

8. ಲೇಬಲ್ ಎಂಬ ದಾಖಲೆ

ಪ್ರಯೋಗಾಲಯದ ಎರಡು ಡಬ್ಬಿಗಳ ವಿಷಯ ಈಗ ಹೇಳುತ್ತೇನೆ. ಮೊದಲ ಡಬ್ಬಿಯ ಬೀಜ ನನ್ನ ಮನೆಯ ಎರಡು ಆಸ್ಟೀರಿಯಾಸ್ ಗಿಡಗಳದ್ದು. ಎರಡರ ಹೂವನ್ನೂ ಕೀಗೆ ಹೋಲಿಸಿ ನೋಡಿದ್ದೇನೆ, ಪರಾಗಸ್ಪರ್ಶ ನಾನೇ ಮಾಡಿದ್ದೇನೆ. ಎರಡನೆಯ ಡಬ್ಬಿಯ ಬೀಜ ಸ್ನೇಹಿತರೊಬ್ಬರು ಕೊಟ್ಟದ್ದು, ಪೊಟ್ಟಣದ ಮೇಲೆ "ಆಸ್ಟೀರಿಯಾಸ್" ಎಂದಷ್ಟೇ ಇತ್ತು. ಸಸಿಗಳು ನೋಡಲು ಒಂದೇ ಥರ. ವಿಜ್ಞಾನ ವಸ್ತುಪ್ರದರ್ಶನಕ್ಕೆ ಲೇಬಲ್ ಬರೆಯುವಾಗ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಎರಡೂ ಒಂದೇ ಅಲ್ವಾ ಸರ್, ಒಂದೇ ಹೆಸರು ಬರೆದುಬಿಡಲೇ?"

ನಾನು ಬೇಡ ಎಂದೆ. ಕಾರಣ ಇದು. ಆಸ್ಟ್ರೋಫೈಟಮ್ ಪ್ರಭೇದಗಳಲ್ಲಿ ಹಲವು ಒಂದರೊಡನೊಂದು ಸುಲಭವಾಗಿ ಅಡ್ಡತಳಿಯಾಗುತ್ತವೆ. ಒಂದೇ ತಾರಸಿಯಲ್ಲಿ ಆಸ್ಟೀರಿಯಾಸ್ ಮತ್ತು ಕ್ಯಾಪ್ರಿಕಾರ್ನೆ ಅರಳಿದ್ದರೆ, ಜೇನುನೊಣ ನಮ್ಮ ಲೇಬಲ್ ಓದಿಕೊಂಡು ಹಾರುವುದಿಲ್ಲ. ತಾಯಿ ಯಾರೆಂದು ಗೊತ್ತು, ತಂದೆ ಯಾರೆಂದು ಗೊತ್ತಿಲ್ಲ. ಆ ಬೀಜಕ್ಕೆ ತಾಯಿಯ ಹೆಸರು ಬರೆದು ಹಂಚಿದರೆ, ಮುಂದೆ ಅದನ್ನು ಬೆಳೆಸಿದವರು ಅದೇ ಹೆಸರಿನಲ್ಲಿ ಇನ್ನಷ್ಟು ಬೀಜ ಹಂಚುತ್ತಾರೆ. ನಾಲ್ಕೈದು ವರ್ಷಕ್ಕೊಂದು ತಲೆಮಾರು. ಒಂದು ಸುಳ್ಳು ಲೇಬಲ್ ಅಷ್ಟು ಹೊತ್ತಿಗೆ ನೂರು ಕುಂಡಗಳಲ್ಲಿ ನಿಂತಿರುತ್ತದೆ. ಕಾಡಿನ ಗಿಡ ಕಡಿಮೆಯಾಗುತ್ತಿರುವಾಗ ಕುಂಡದ ಗಿಡದ ಹೆಸರೂ ಸುಳ್ಳಾದರೆ, ನಾವು ಉಳಿಸಿದ್ದು ಏನನ್ನು?

ಆದ್ದರಿಂದ ಮೊದಲ ಡಬ್ಬಿಗೆ ಹೆಸರು, ತಾಯಿ ಗಿಡದ ಸಂಖ್ಯೆ, ತಂದೆ ಗಿಡದ ಸಂಖ್ಯೆ, ಕೈ ಪರಾಗಸ್ಪರ್ಶ, ಬಿತ್ತಿದ ದಿನ ಇಷ್ಟನ್ನೂ ಬರೆದೆವು. ಎರಡನೆಯದಕ್ಕೆ ಆಕೆಯೇ ಬರೆದಳು: "ಆಸ್ಟೀರಿಯಾಸ್ ಎಂದು ಬಂದದ್ದು. ಹೂವು ನೋಡಿಲ್ಲ." ವಸ್ತುಪ್ರದರ್ಶನಕ್ಕೆ ಬಂದ ಕೆಲವರು ಆ ಲೇಬಲ್ ನೋಡಿ ನಕ್ಕರು. ನನಗೆ ಅದು ಆ ಮೇಜಿನ ಮೇಲಿದ್ದ ಅತ್ಯಂತ ವೈಜ್ಞಾನಿಕ ವಾಕ್ಯವೆನಿಸಿತು. ಗೊತ್ತಿರುವುದೆಷ್ಟು, ಕೇಳಿದ್ದೆಷ್ಟು ಎಂದು ಬೇರೆ ಬೇರೆ ಬರೆಯುವುದೇ ವಿಜ್ಞಾನದ ಮೊದಲ ಶಿಸ್ತು.

9. ಹೂವು ಬಂದಾಗ

ಹೂವು ಹಗಲಿನಲ್ಲಿ ಅರಳುತ್ತದೆ. ಒಂದು ಹೂವನ್ನು ಉದ್ದಕ್ಕೆ ಸೀಳಿ ನೋಡಿದರೆ ಅಸಂಖ್ಯ ಕೇಸರಗಳು, ಕವಲೊಡೆದ ಶಲಾಕಾಗ್ರ, ಕೆಳಗೆ ಒಂದೇ ಕೋಣೆಯ ಅಧೋಸ್ಥಿತ ಅಂಡಾಶಯ, ಗೋಡೆಗಂಟಿದ ಅಂಡಕಗಳು ಕಾಣುತ್ತವೆ. ಪರೈಟಲ್ ಪ್ಲಾಸೆಂಟೇಷನ್ ಎಂದು ನೀವು ಬಾಯಿಪಾಠ ಮಾಡುವುದು ಇದನ್ನೇ.

ಆಸ್ಟೀರಿಯಾಸ್ ತನ್ನದೇ ಪರಾಗದಿಂದ ಬೀಜ ಕಟ್ಟುವುದಿಲ್ಲ. ಇದು ಸ್ವ ಅಸಾಮರಸ್ಯ, ಸೆಲ್ಫ್ ಇನ್‌ಕಂಪ್ಯಾಟಿಬಿಲಿಟಿ. ಆದ್ದರಿಂದ ಬೇರೆ ಬೀಜದಿಂದ ಬೆಳೆದ ಎರಡು ಗಿಡಗಳು ಒಂದೇ ಹೊತ್ತಿಗೆ ಅರಳಬೇಕು. ಅರಳುವ ಮೊದಲೇ ಹೂವಿಗೆ ತೆಳು ಬಟ್ಟೆಯ ಚೀಲ ಕಟ್ಟಿ. ಅರಳಿದ ಮೇಲೆ ಸಣ್ಣ ಬ್ರಶ್ಶಿನಿಂದ ಒಂದರ ಪರಾಗವನ್ನು ಇನ್ನೊಂದರ ಶಲಾಕಾಗ್ರಕ್ಕೆ ಸವರಿ ಮತ್ತೆ ಚೀಲ ಕಟ್ಟಿ, ದಾರಕ್ಕೆ ದಿನಾಂಕದ ಚೀಟಿ ಹಾಕಿ. ಕಾಡಿನಲ್ಲಿ ಗಿಡಗಳು ವಿರಳವಾದಾಗ ಏನಾಗುತ್ತದೆ ಎಂಬುದೂ ಇಲ್ಲಿ ಅರ್ಥವಾಗುತ್ತದೆ: ಅಕ್ಕಪಕ್ಕ ಜೊತೆ ಗಿಡವಿಲ್ಲದ ಒಂಟಿ ಗಿಡ ಪ್ರತಿವರ್ಷ ಹೂ ಬಿಟ್ಟರೂ ಬೀಜ ಬಿಡುವುದಿಲ್ಲ. ಹತ್ತರಲ್ಲಿ ಒಂಬತ್ತನ್ನು ಅಗೆದುಕೊಂಡು ಹೋದವರು ಉಳಿದ ಒಂದರ ಸಂತಾನವನ್ನೂ ಒಯ್ದಂತೆಯೇ.

10. ಮಾಡಿ ನೋಡಿ

ಅಪರೂಪದ ಬೀಜ ಸಿಗುವವರೆಗೆ ಕಾಯಬೇಕಿಲ್ಲ. ಒಂದು ಡ್ರ್ಯಾಗನ್ ಫ್ರೂಟ್ ತನ್ನಿ. ತಿರುಳನ್ನು ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಹಿಸುಕಿ ಬೀಜ ಬೇರ್ಪಡಿಸಿ, ನೆರಳಲ್ಲಿ ಒಣಗಿಸಿ, ಮೇಲಿನ ಕ್ರಮದಲ್ಲೇ ಇಪ್ಪತ್ತು ಬೀಜ ಬಿತ್ತಿ. ನಂತರ ಈ ಪ್ರಶ್ನೆಗಳಿಗೆ ನಿಮ್ಮ ದಾಖಲೆ ಪುಸ್ತಕದಲ್ಲಿ ಉತ್ತರ ಬರೆಯಿರಿ.

1. ಎಷ್ಟನೆಯ ದಿನ ಮೊದಲ ಮೊಳಕೆ ಕಂಡಿತು? ಎರಡು ವಾರದ ಕೊನೆಗೆ ಮೊಳಕೆ ಪ್ರಮಾಣ ಶೇಕಡ ಎಷ್ಟು?
2. ಬೀಜದಳಗಳ ಚಿತ್ರ ಬರೆಯಿರಿ. ಮೊದಲ ಏರಿಯೋಲ್ ಎಲ್ಲಿ ಹುಟ್ಟಿತು?
3. ಹತ್ತು ಬೀಜ ಬೆಳಕಿನಲ್ಲಿ, ಹತ್ತು ಬೀಜ ಕತ್ತಲೆಯಲ್ಲಿ ಇಟ್ಟು ಹೋಲಿಸಿ. ಏನು ವ್ಯತ್ಯಾಸ?
4. ನಿಮ್ಮ ಊರಿನಲ್ಲಿ "ಕಳ್ಳಿ" ಎಂದು ಕರೆಯುವ ಮೂರು ಗಿಡಗಳನ್ನು ಮುಟ್ಟದೆ, ಕತ್ತರಿಸದೆ ಗಮನಿಸಿ. ಯುಫೋರ್ಬಿಯಾದ ಹಾಲು ಕಣ್ಣಿಗೆ ಅಪಾಯಕಾರಿ. ಏರಿಯೋಲ್ ಇರುವುದು ಯಾವುದಕ್ಕೆ?
5. ನಿಮ್ಮ ಕುಂಡಕ್ಕೆ ಲೇಬಲ್ ಬರೆಯಿರಿ. ಅದರಲ್ಲಿ ನೀವು ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಓದಿದವರಿಗೆ ಗೊತ್ತಾಗುವಂತಿರಲಿ.

ದಾಖಲೆ ಪುಸ್ತಕಗಳನ್ನು ಮಾರ್ಚ್ ಪರೀಕ್ಷೆಯ ಮೊದಲು ಪ್ರಯೋಗಾಲಯಕ್ಕೆ ತಂದು ತೋರಿಸಿ. ಐದನೆಯ ಪ್ರಶ್ನೆಯ ಉತ್ತರವನ್ನು ನಾನು ಮೊದಲು ಓದುತ್ತೇನೆ.